ಅರಿಶಿನ ಹಚ್ಚುವ ಮೊದಲು

ಮುದ್ದಯ್ಯನೆಂಬ ಶಿಷ್ಯ ಕೇಳಿದ: “ಗುರುಗಳೇ, ಪಕ್ಕದ ಬೀದಿಯಲ್ಲಿ ಕುಂಬಾರನೊಬ್ಬ ಸತ್ತಿದ್ದಾನೆ. ಹೆಂಡತಿಯೇ ಊಟದಲ್ಲಿ ವಿಷ ಹಾಕಿ ಕೊಂದಳಂತೆ. ಊರಿಗೆಲ್ಲ ಗೊತ್ತಿರುವ ವಿಷಯ. ಆದರೂ ಅರಮನೆಯ ವೈದ್ಯ ಬಂದು ನೋಡುವವರೆಗೆ ಹೆಣ ಮುಟ್ಟಬಾರದೆಂದು ಕಾವಲು ಹಾಕಿದ್ದಾರೆ. ನೋಡಿದರೆ ಸತ್ತವನು ಎದ್ದು ಬರುತ್ತಾನೆಯೇ? ಇಂಥ ಕಟ್ಟಳೆ ಯಾಕೆ ಬೇಕು?”

ಗುರುಗಳು ನಕ್ಕರು. “ಅಬ್ಬಬ್ಬಾ, ಒಂದೇ ಉಸಿರಿಗೆ ಎಷ್ಟು ಮಾತು! ಕೂತುಕೋ. ಈ ಕಟ್ಟಳೆ ಮಾಡಿದ ಅರಸನ ಕತೆ ಹೇಳುತ್ತೇನೆ.

“ಹಿಂದೆ ಯಾರು ಹೇಗೆ ಸತ್ತರೆಂದು ಹೇಳುವವನು ಆಯಾ ಊರಿನ ವೈದ್ಯ. ಅವನು ಗೌಡನಿಗೆ ಬೇಕಾದವನು. ಹೆಣದ ಹತ್ತಿರ ಹೋಗುವ ಮೊದಲು ಗೌಡನ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಅಲ್ಲಿ ಕೇಳಿದ್ದನ್ನೇ ಅರಮನೆಗೆ ಹೇಳಿ ಕಳಿಸುತ್ತಿದ್ದ. ‘ಕಾಲು ಜಾರಿ ಬಾವಿಗೆ ಬಿದ್ದನಂತೆ.’ ಇನ್ನೊಮ್ಮೆ, ‘ಅವಳನ್ನು ಗಂಡನೇ ತಳ್ಳಿದನಂತೆ.’ ಒಂದು ದಿನ ಅರಸನಿಗೆ ರೇಗಿತು. ‘ನೀವು ನೋಡಿದ್ದು ಹೆಣವನ್ನೋ, ಜಗಲಿಯನ್ನೋ?’ ಎಂದ. ಪರೀಕ್ಷಿಸುವವನು ಅರಮನೆ ಕಳಿಸಿದ ಬೇರೆ ಊರಿನವನಾಗಬೇಕು, ಅವನು ಬರುವ ತನಕ ಹೆಣ ಮೀಯಿಸಬಾರದು ಎಂದು ಕಟ್ಟಳೆ ಮಾಡಿದ. ಕೊನೆಗೆ ಇನ್ನೊಂದು ಮಾತು ಸೇರಿಸಿದ. ವೈದ್ಯನ ತೀರ್ಪಿನಲ್ಲಿ ‘ಅಂತೆ’ ಇರಕೂಡದು. ಅದಿಲ್ಲದೆ ಹೇಳಲಾಗದಿದ್ದರೆ ‘ನನಗೆ ತಿಳಿಯದು’ ಎನ್ನಬೇಕು. ವೈದ್ಯರೆಲ್ಲ ಗೊಣಗಿದರು, ಪಾಪ. ಅಂತೆ ಇಲ್ಲದೆ ಅವರಿಗೆ ಬಾಯಿಯೇ ಬರುತ್ತಿರಲಿಲ್ಲ.

“ಆಮೇಲೆ ಒಂದು ಊರಿನಲ್ಲಿ ಒಬ್ಬ ರೈತ ಸತ್ತ. ಬೆಳಿಗ್ಗೆ ಸೊಸೆ ಕೊಟ್ಟ ಅಂಬಲಿ ಕುಡಿದು ಹೋಗಿ ಹುಲ್ಲಿನ ಬಣವೆಯ ಬುಡದಲ್ಲಿ ಮಲಗಿದವನು ಏಳಲೇ ಇಲ್ಲ. ಬಾಯಲ್ಲಿ ನೊರೆ. ಮಾವನಿಗೂ ಸೊಸೆಗೂ ಹಿಂದಿನ ದಿನವಷ್ಟೇ ಜಗಳವಾಗಿತ್ತು. ಇನ್ನೇನು ಬೇಕು? ಊರಿನವರು ಅವಳನ್ನು ಕಂಬಕ್ಕೆ ಕಟ್ಟಿದರು. ಕಟ್ಟಿಕೊಂಡ ಗಂಡ ಕೂಡ ಅವಳ ಮುಖ ನೋಡಲಿಲ್ಲ. ಅವಳ ಪ್ರಾಣ ಹೋಗುವುದೊಂದು ಬಾಕಿ.

“ಅರಮನೆಯ ವೈದ್ಯ ಬಂದಾಗ ನೀರು ಕಾದಿತ್ತು, ಅರಿಶಿನ ಅರೆದಾಗಿತ್ತು. ಸತ್ತವರ ಪಾದಕ್ಕೆ ದಪ್ಪಗೆ ಅರಿಶಿನ ಹಚ್ಚುವುದು ಆ ಊರಿನ ರೂಢಿ.

“ಗೌಡ ಹೇಳಿದ: ‘ಅಂಬಲಿಯಲ್ಲಿ ಸೊಸೆಯೇ ವಿಷ ಬೆರೆಸಿದಳಂತೆ, ಸ್ವಾಮಿ. ಒಂದು ಮಾತು ಹೇಳಿಬಿಡಿ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು.’

“‘ನೋಡಿದವರು ಯಾರು?’

“‘ಎಲ್ಲರೂ ಹೇಳುತ್ತಿದ್ದಾರಲ್ಲ!’

“‘ಹೇಳುವವರು ಪಕ್ಕಕ್ಕೆ ಸರಿಯಿರಿ. ನೋಡಿದವರು ಮುಂದೆ ಬನ್ನಿ.’

“ಎಲ್ಲರೂ ಪಕ್ಕಕ್ಕೆ ಸರಿದರು. ವೈದ್ಯ ಹೆಣವನ್ನು ನೆತ್ತಿಯಿಂದ ನೋಡುತ್ತ ಬಂದ. ಹಿಮ್ಮಡಿಗೆ ಮೆತ್ತಿದ್ದ ಮಣ್ಣನ್ನು ಒರೆಸಿದ. ಅಲ್ಲಿ ಎರಡು ಹಲ್ಲಿನ ಗುರುತು, ಸುತ್ತ ಕಪ್ಪಗೆ ಬಾವು. ಎದ್ದು ಹೋಗಿ ಬಣವೆಯ ಬುಡಕ್ಕೆ ಕೋಲು ಹಾಕಿದ. ನಾಗರಹಾವು ಹೆಡೆ ಬಿಚ್ಚಿ ಎದ್ದು ನಿಂತಿತು. ಗೌಡ ಎಲ್ಲರಿಗಿಂತ ಮುಂದೆ ಓಡಿದ, ಅದು ಬೇರೆ ಮಾತು.

“‘ಹಾವು ಕಚ್ಚಿದೆ. ಗುರುತು ಇಲ್ಲಿದೆ, ಬಂದು ನೋಡಿ’ ಎಂದ ವೈದ್ಯ. ಅಷ್ಟೇ ಅವನ ತೀರ್ಪು.

“ಗಂಡ ಗೊಳೋ ಎಂದು ಅಳುತ್ತ ತಾನೇ ಹಗ್ಗ ಬಿಚ್ಚಿದ. ಆ ಹೆಣ್ಣುಮಗಳು ಯಾರನ್ನೂ ಬೈಯಲಿಲ್ಲ. ‘ಸರಿಯಿರಿ, ನಮ್ಮ ಮಾವನ ಕಾಲಿಗೆ ನಾನೇ ಅರಿಶಿನ ಹಚ್ಚುತ್ತೇನೆ’ ಎಂದಳು. ಆರಿದ ನೀರನ್ನು ಹೆಂಗಸರು ಮತ್ತೆ ಒಲೆಗಿಟ್ಟರು.”

ಮುದ್ದಯ್ಯನ ಕಣ್ಣು ತುಂಬಿತ್ತು. “ಸದ್ಯ, ಅವಳ ಜೀವ ಉಳಿಯಿತು! ಆದರೆ ಎಂಥ ಜನ ಗುರುಗಳೇ ಅವರು. ಕಣ್ಣಾರೆ ಕಾಣದೆ ಒಂದು ಹೆಣ್ಣನ್ನು ಕಂಬಕ್ಕೆ ಕಟ್ಟುವುದೇ?”

ಗುರುಗಳು ಪ್ರೀತಿಯಿಂದ ಅವನ ಬೆನ್ನು ತಟ್ಟಿ ಕೇಳಿದರು: “ಅದಿರಲಿ ಮಗು, ಕುಂಬಾರನ ಹೆಂಡತಿ ವಿಷ ಹಾಕುವಾಗ ನೀನು ಎಲ್ಲಿ ನಿಂತು ನೋಡಿದೆ?”