ನಾಯಿ ಬೊಗಳದ ಮನುಷ್ಯ

ನಿವೃತ್ತ ತಹಸೀಲ್ದಾರ್ ಶೇಷಾಚಲಯ್ಯನವರು ಮಗಳ ಮನೆಗೆ ಹೊರಟಿದ್ದರು. ನಾಯಿ ನೋಡಿಕೊಳ್ಳಲು ನಂಬಿಕಸ್ಥರು ಬೇಕಿತ್ತು. ಬಂದವರನ್ನೆಲ್ಲ ಗೇಟಿನ ಹತ್ತಿರ ನಿಲ್ಲಿಸಿ ನಾಯಿ ಬಿಡುತ್ತಿದ್ದರು. ಅದು ಬೊಗಳಿದರೆ, "ನೀನು ಸರಿಯಿಲ್ಲ, ನಡಿ" ಎನ್ನುತ್ತಿದ್ದರು. ಅದು ಎಲ್ಲರಿಗೂ ಬೊಗಳಿತು. ನಾಯಿ ಇನ್ನೇನು ಮಾಡೀತು?

ಬಂದವರಿಗೆಲ್ಲ ಕಾಫಿ ಮಾಡಿ ಮಾಡಿ ಅಡುಗೆಯ ಕೆಂಪಮ್ಮನಿಗೆ ತಲೆ ಕೆಟ್ಟುಹೋಯಿತು. ಸಾಲದ್ದಕ್ಕೆ ಸಾಹೇಬರು, "ಇದು ಬೊಗಳದವನನ್ನ ನಾಳೆ ನೀನೇ ಕರ್ಕೊಂಡು ಬಾ. ಇಲ್ಲದಿದ್ರೆ ಕೆಲಸ ಬಿಡು" ಎಂದರು.

ಮರುದಿನ ಕೆಂಪಮ್ಮ ಒಬ್ಬನನ್ನು ಕರೆತಂದಳು. ನಾಯಿ ಬಾಲ ಅಲ್ಲಾಡಿಸಿ ಅವನ ಕಾಲು ನೆಕ್ಕಿತು. ಸಾಹೇಬರು ಹಿಗ್ಗಿ ಮನೆಯ ಬೀಗದಕೈಯನ್ನೂ ಅವನ ಕೈಗಿಟ್ಟರು.

"ಇಷ್ಟು ಸಲಿಗೆ ಹೇಗೆ ಬಂತೋ?"

ಉತ್ತರ ಕೆಂಪಮ್ಮನೇ ಕೊಟ್ಟಳು. "ಹಳೇ ಪರಿಚಯ ಸ್ವಾಮಿ. ಹೋದ ತಿಂಗಳು ಹಿತ್ತಲಿನ ತೆಂಗಿನಕಾಯಿ ಕಿತ್ಕೊಂಡು ಹೋದೋನು ಇವನೇ. ನಾಯಿಗೆ ಬನ್ನು ಹಾಕಿ ಮರ ಹತ್ತಿದ್ದ. ನಾನು ಎಷ್ಟು ಬಡ್ಕೊಂಡ್ರೂ ನೀವು ಕೇಳಲಿಲ್ಲ. ನಾಯಿ ಬೊಗಳಿಲ್ಲ, ಕಳ್ಳರು ಮನೆಯವರೇ ಅಂತ ನನ್ನ ಚೀಲ ಹುಡುಕಿಸಿದ್ರಿ."

ಅವನು ಬೀಗದಕೈ ಜಗಲಿ ಮೇಲಿಟ್ಟು ಜಾಗ ಖಾಲಿ ಮಾಡಿದ. ನಾಯಿ ಗೇಟಿನವರೆಗೂ ಹೋಗಿ ಅವನನ್ನು ಬೀಳ್ಕೊಟ್ಟು ಬಂತು.

ಸಾಹೇಬರು ಬೀಗದಕೈ ಎತ್ತಿ ಜೇಬಿಗೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

"ನಿನ್ನೆ ಇದು ಎಲ್ಲರಿಗಿಂತ ಜೋರಾಗಿ ಯಾರಿಗೆ ಬೊಗಳಿತು ಕೆಂಪಮ್ಮ? ಅವರನ್ನ ಕರಿ."