ನೀಲವ್ವನ ಹಲಗೆಯ ಮೇಲಿನ ಡಬ್ಬಿ

ಇದು ನಡೆದದ್ದು ಮೀಟರ್ ಗೇಜಿನ ಸಣ್ಣ ಹಳಿಯ ಗಾಡಿ ನಿಂತ ಮೇಲೆ, ಫೋನಿನಲ್ಲಿ ಸಾಮಾನು ತರಿಸುವುದು ಇನ್ನೂ ಹೊಸದಾಗಿದ್ದ ಕಾಲದಲ್ಲಿ. ಬಹಳ ಹಿಂದೆ ಎಂದೇ ಹೇಳಬೇಕು. ನೋಡಿದವರೆಲ್ಲ ಈಗ ಬೇರೆ ಬೇರೆ ಹೇಳುತ್ತಾರೆ.

ಒಂದು ಜಂಕ್ಷನ್ ಊರು. ಆ ಊರಿನ ರೈಲ್ವೆ ಗೇಟಿನ ಪಕ್ಕ ಹಳಿ ನೀಲವ್ವ ಎಂಬವಳ ಅಂಗಡಿ ಇತ್ತಂತೆ. ಗೇಟ್‌ಮನ್ನನ ಮಗಳು. ಆಟಿಕೆಯಷ್ಟು ಪುಟ್ಟ ಮಾದರಿ ರೈಲುಗಳ ಸಾಮಾನು ಮಾರುತ್ತಿದ್ದಳು: ಗೇಣುದ್ದದ ಹಳಿ, ಕಡಲೆಯಷ್ಟು ಚಕ್ರ, ಮೋಟರು, ಸಿಗ್ನಲ್ಲು. ನಿವೃತ್ತ ಡ್ರೈವರುಗಳು, ಗ್ಯಾಂಗ್‌ಮನ್ನುಗಳು ಅವಳ ಗಿರಾಕಿಗಳು. ಕೆಲಸ ಮುಗಿದರೂ ರೈಲು ಬಿಡಲಾಗದವರು. ಅವಳು ಕಣ್ಣು ಮುಚ್ಚಿ ಚಕ್ರ ಉರುಳಿಸಿ, ಸದ್ದು ಕೇಳಿ, ಇದು ಸೊಟ್ಟ ಅನ್ನುತ್ತಿದ್ದಳಂತೆ. ನಿದ್ದೆಯಲ್ಲೂ ಹೇಳುತ್ತಿದ್ದಳು ಎನ್ನುವವರೂ ಇದ್ದಾರೆ.

ಅಂಗಡಿಯ ಗೋಡೆಗುಂಟ ಹಲಗೆ, ಹಲಗೆಯ ಮೇಲೆ ಹಳಿ, ಹಳಿಯ ಮೇಲೆ ಊರವರೇ ಸೇರಿ ಮಾಡಿದ ಒಂದು ಎಂಜಿನ್. ಸಣ್ಣ ಹಳಿಯ ಕೊನೆಯ ಗಾಡಿ ಹೊರಟದ್ದು ಸಂಜೆ ಐದೂ ಹತ್ತಕ್ಕೆ. ವರ್ಷಕ್ಕೊಮ್ಮೆ ಅದೇ ದಿನ, ಅದೇ ಹೊತ್ತಿಗೆ, ಈ ಎಂಜಿನ್ ಒಂದು ಸುತ್ತು ಬರಬೇಕು. ಒಂದು ವರ್ಷವೂ ತಪ್ಪಿರಲಿಲ್ಲವಂತೆ.

ಆಮೇಲೆ ಫೋನಿನಲ್ಲಿ ತರಿಸಿದ ಸಾಮಾನಿನ ಡಬ್ಬಿಗಳು ಬಂದವು. ಅಗ್ಗ, ಮನೆ ಬಾಗಿಲಿಗೇ ಬರುತ್ತವೆ. ಡಬ್ಬಿಯಲ್ಲಿ ಬಂದದ್ದನ್ನು ಮುಟ್ಟುವುದಿಲ್ಲ ಎಂದು ನೀಲವ್ವ ಹಟ ಹಿಡಿದಳು. ಆ ಹಟಕ್ಕೆ ಮೊದಲು ಸಿಕ್ಕವನು ಗ್ಯಾಂಗ್‌ಮನ್ ಈರಪ್ಪ. ಅವನು ತರಿಸಿದ ಎಂಜಿನ್ ಮೂರೇ ದಿನಕ್ಕೆ ಮೋಟರು ಸುಟ್ಟುಕೊಂಡಿತ್ತು. ತಂದು ಹಲಗೆಯ ಮೇಲಿಟ್ಟ. ಅವಳು ಅದನ್ನು ಕಡ್ಡಿಯಿಂದ ಅಂಚಿಗೆ ತಳ್ಳಿದಳು.

"ಇದಕ್ಕ ನನ್ನ ಹಲಗಿ ಮ್ಯಾಲ ಜಾಗ ಇಲ್ಲಣ್ಣ. ಆ ಫೋನಿಗೇ ಕಟ್ಟಿ ಎಳಸು, ಓಡೀತು."

ಅಲ್ಲಿದ್ದವರು ನಕ್ಕರು. ಈರಪ್ಪ ಮತ್ತೆ ಆ ಹೊಸ್ತಿಲು ದಾಟಲಿಲ್ಲ.

ಆ ವರ್ಷ ಸುತ್ತಿನ ದಿನ ಹತ್ತಿರ ಬಂದಾಗ ಊರ ಎಂಜಿನ್ನಿನ ಮೋಟರೂ ಸುಟ್ಟಿತು. ಹಳೆಯ ಡ್ರೈವರ್ ಗುರುಬಸಪ್ಪ ಎಲ್ಲರ ಪರವಾಗಿ ಕೇಳಿದ: "ನಿನ್ನ ಕಡೆ ಸಿಗದಿದ್ರ ಹೇಳವ್ವ, ಫೋನಿನ್ಯಾಗ ತರಸ್ತೀವಿ. ಆದ್ರ ಇದನ್ನ ಅಲ್ಲಿಂದ ತಂದ್ವಿ ಅಂದ್ರ ಮುಂದೂ ಎಲ್ಲಾ ಅಲ್ಲಿಂದನ."

ನೀಲವ್ವ ನನ್ನಲ್ಲೇ ಸಿಗುತ್ತದೆ ಎಂದು ಮಾತು ಕೊಟ್ಟಳು. ಸಿಗಲಿಲ್ಲ. ಅವಳಿಗೆ ಸಾಮಾನು ಕಳಿಸುತ್ತಿದ್ದ ಪೇಟೆಯ ಸಗಟು ಅಂಗಡಿ ಮುಚ್ಚಿಹೋಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಬಾಗಿಲು ಹಾಕಿಕೊಂಡು, ತಾನೇ ಫೋನಿನಲ್ಲಿ ತರಿಸಿದಳು.

ಆ ದಿನ ನಾಲ್ಕಕ್ಕೇ ಅಂಗಡಿ ತುಂಬಿತು. ಈರಪ್ಪನೂ ಬಂದು ಹೊಸ್ತಿಲಾಚೆ ನಿಂತ. ಮೋಟರೆಲ್ಲಿ ಎಂದರೆ ನೀಲವ್ವ ಬರುತ್ತಿದೆ ಅನ್ನುತ್ತಿದ್ದಳು.

"ಗೂಡ್ಸ್ ಗಾಡ್ಯಾಗ ಬರಾಕತ್ತೈತೇನವ್ವ?" ಅಂದ ಗುರುಬಸಪ್ಪ. ಯಾರೂ ನಗಲಿಲ್ಲ.

ನಾಲ್ಕೂವರೆಗೆ ಬಾಗಿಲಲ್ಲಿ ಒಂದು ಬೈಕು ನಿಂತಿತು. "ನೀಲವ್ವ ಯಾರ್ರೀ? ನಿಮ್ದೊಂದು ಪಾರ್ಸೆಲ್ ಐತಿ."

ಎಲ್ಲರೂ ನೀಲವ್ವನ ಕಡೆ ತಿರುಗಿದರಂತೆ.

ತನ್ನದಲ್ಲ ಅನ್ನಬಹುದಿತ್ತು. ಒಳಗೆ ಒಯ್ದು ಬಿಚ್ಚಬಹುದಿತ್ತು. ಅವಳು ಡಬ್ಬಿಯನ್ನು ಹಲಗೆಯ ನಡುವೆ ಇಟ್ಟು ಎಲ್ಲರೆದುರು ಬಿಚ್ಚಿದಳು. ಮೋಟರು ಚೆನ್ನಾಗಿಯೇ ಇತ್ತು. ಆದರೆ ಅದರ ತಿರುಗುವ ಕಡ್ಡಿ ತೆಳ್ಳಗೆ, ಊರ ಎಂಜಿನ್ನಿನ ಗೇರಿನ ತೂತು ದೊಡ್ಡದು. ಮೋಟರು ತಿರುಗಿತು, ಗೇರು ತಿರುಗಲಿಲ್ಲ.

ಸಣ್ಣ ತೂತಿನ ಗೇರು ಊರಲ್ಲಿ ಒಂದೇ ಇತ್ತು. ಈರಪ್ಪನ ಕೆಟ್ಟ ಎಂಜಿನ್ನಿನಲ್ಲಿ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವಳು ಹೊಸ್ತಿಲಿಗೆ ಬಂದಳು.

"ಅಣ್ಣಾ, ಆ ಎಂಜಿನ್ ಇಟ್ಟೀಯೇನು?"

"ಇಟ್ಟೀನಿ. ಅದು ಡಬ್ಬೀದವ್ವ. ನಿನ್ನ ಹಲಗಿ ಮ್ಯಾಲ ಅದಕ್ಕ ಜಾಗ ಇಲ್ಲ."

"ಇದೂ ಡಬ್ಬೀದ. ನಾನ ತರಿಸೀನಿ. ಅವತ್ತ ನಾ ಅಂದದ್ದು ತಪ್ಪಾತು."

ಈರಪ್ಪ ಗಡಿಯಾರ ನೋಡಿದ. ಐದಕ್ಕೆ ಕಾಲು ಗಂಟೆ ಇತ್ತು. ಅವನ ಮನೆ ಗೇಟಿನ ಆಚೆ. ಅವನು ಓಡಲಿಲ್ಲ, ನಡೆದೇ ಹೋದನಂತೆ. ಅವನು ಆಚೆ ದಾಟಿದ್ದೇ ಗೇಟು ಬಿತ್ತು. ಗೂಡ್ಸ್ ಬಂತು. ಅಷ್ಟು ಉದ್ದದ ಗೂಡ್ಸ್ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ ಎನ್ನುತ್ತಾರೆ. ನೀಲವ್ವ ಗೂಡ್ಸಿನ ಡಬ್ಬಿಗಳ ನಡುವಿನ ಸಂದಿಯಲ್ಲಿ ಆಚೆ ಬದಿ ನೋಡುತ್ತ ನಿಂತಿದ್ದಳು. ಈರಪ್ಪ ಕಾಣಲಿಲ್ಲ.

ಗೇಟು ಎದ್ದಾಗ ಐದೂ ಐದು. ಈರಪ್ಪ ಟವೆಲ್ಲಿನಲ್ಲಿ ಸುತ್ತಿದ ಎಂಜಿನ್ ಹಿಡಿದು ಬಂದ. ಹೊಸ್ತಿಲು ದಾಟಿದ. ಎಂಜಿನ್ನನ್ನು ಹಲಗೆಯ ನಡುವೆ ಇಟ್ಟ.

"ಇಲ್ಲೇ ಇಡ್ತೀನಿ. ಈಗ ಕೀಳು," ಅಂದ.

ಅವನು ಎಂಜಿನ್ ಹಿಡಿದುಕೊಂಡ, ಅವಳು ಗೇರು ಕಿತ್ತು ಕೂರಿಸಿದಳು. ಐದೂ ಹತ್ತಕ್ಕೆ ಊರ ಎಂಜಿನ್ ಹೊರಟಿತು. ಆ ಹೊತ್ತಿಗೆ ಸ್ಟೇಷನ್ನಿನ ಗಡಿಯಾರವೂ ಒಂದು ನಿಮಿಷ ಅವರಿಗಾಗಿ ಕಾದಿತ್ತು ಎನ್ನುತ್ತಾರೆ. ಆ ಗಡಿಯಾರ ನಿಲ್ಲುವುದು ಹೊಸದೇನಲ್ಲ.

ನೀಲವ್ವ ಈಗಿಲ್ಲ. ಅಂಗಡಿಯನ್ನು ಈರಪ್ಪನ ಮಗಳು ನಡೆಸುತ್ತಾಳೆ. ಇವತ್ತಿಗೂ ಆ ಊರಲ್ಲಿ ಯಾರೇ ಫೋನಿನಲ್ಲಿ ರೈಲಿನ ಸಾಮಾನು ತರಿಸಲಿ, ಮನೆಯಲ್ಲಿ ಬಿಚ್ಚುವುದಿಲ್ಲ. ನೀಲವ್ವನ ಹಲಗೆಗೆ ತಂದು ಎಲ್ಲರೆದುರು ಬಿಚ್ಚುತ್ತಾರೆ. ಹೊಂದದಿದ್ದರೆ, ಹೊಂದಿಸುವ ತುಂಡನ್ನು ಆ ಅಂಗಡಿಯಲ್ಲೇ ಕೊಳ್ಳುತ್ತಾರೆ. ಬಿಚ್ಚಿದ ಡಬ್ಬಿಗೊಂದರಂತೆ ಬಾಗಿಲ ಚೌಕಟ್ಟಿನ ಮೇಲೆ ಸುಣ್ಣದ ಬೊಟ್ಟು ಇಡುತ್ತಾರೆ. ಮೊದಲನೆಯದು ಅಂದು ಅಂಚಿಗೆ ತಳ್ಳಿಸಿಕೊಂಡಿದ್ದ ಈರಪ್ಪನ ಎಂಜಿನ್ನಿನದು, ಎರಡನೆಯದು ನೀಲವ್ವನ ಮೋಟರಿನದು.

ಈಗ ಬೊಟ್ಟುಗಳು ಮುನ್ನೂರ ಹನ್ನೆರಡು.