ಕೊಡಲಾಗದ ಹಾರ್ಡ್ ಡಿಸ್ಕ್

ಕುಮಟಾದ ಒಂದು ಫೋಟೊ ಸ್ಟುಡಿಯೊದ ಕಂಪ್ಯೂಟರಿನೊಳಗೆ ಪ್ರೊಸೆಸರ್ ಮತ್ತು ಹಾರ್ಡ್ ಡಿಸ್ಕ್ ಜೊತೆಯಾಗಿ ಬಾಳುತ್ತಿದ್ದವು. ಕೆಲಸ ಮಾಡುವುದು ಪ್ರೊಸೆಸರ್, ಕಾಪಾಡುವುದು ಡಿಸ್ಕ್. ಒಂದೇ ಮದುವೆಯ ಚಿತ್ರಗಳ ನಕಲಿನ ಮೇಲೆ ನಕಲು ಸೇರಿ ಡಿಸ್ಕ್ ಕಂಠಪೂರ್ತಿ ತುಂಬಿತ್ತು.

ಒಂದು ದಿನ ದೇವಕಿ ಎಂಬ ಮುದುಕಿ ಬಂದಳು. ಕಡಲಲ್ಲಿ ತೀರಿಕೊಂಡ ಮಗ ಹಿಂದೆ ಇಲ್ಲಿ ತೆಗೆಸಿಕೊಂಡಿದ್ದ ಚಿತ್ರ ಅವಳಿಗೆ ಬೇಕಿತ್ತು. ಸ್ಟುಡಿಯೊದ ಎವ್ಲಿನ್ ಅದನ್ನು ತೆರೆಯಹೋದರೆ ಕಂಪ್ಯೂಟರ್ ಅಲ್ಲಾಡಲಿಲ್ಲ.

"ಸಿಕ್ತಾ ತಂಗಿ? ನನ್ನ ಹತ್ರ ಅವನದು ಬೇರೆ ಪಟ ಇಲ್ಲ" ಎಂದಳು ದೇವಕಿ.

"ಸೋಮಾರಿ! ಚಿತ್ರ ತೆರೆಯಬೇಕಾದರೆ ನನ್ನ ಅರ್ಧ ಮುಗಿದ ಕೆಲಸವನ್ನು ನೀನು ಹಿಡಿದುಕೊಳ್ಳಬೇಕು" ಎಂದು ಪ್ರೊಸೆಸರ್ ಡಿಸ್ಕನ್ನು ಗದರಿತು.

"ಹಿಡಿದುಕೊಳ್ಳಲು ಜಾಗವಿಲ್ಲ ಗೆಳೆಯಾ."

"ಬೇಡದ್ದನ್ನು ಬಿಟ್ಟುಬಿಡು."

"ಭಯವಾಗುತ್ತದೆ. ಈ ಹುಡುಗನ ಚಿತ್ರವನ್ನೂ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಬಿಟ್ಟಿದ್ದರೆ ಇಂದು ಈ ತಾಯಿಗೆ ಏನು ಕೊಡುತ್ತಿದ್ದೆ?"

ಪ್ರೊಸೆಸರಿನ ಸಿಟ್ಟು ಇಳಿಯಿತು. "ನಿಜ, ಚಿತ್ರ ನಿನ್ನಲ್ಲಿದೆ. ಆದರೆ ಅವಳಿಗೆ ಸಿಗುತ್ತಿಲ್ಲವಲ್ಲ" ಎಂದು ಮೆಲ್ಲನೆ ಹೇಳಿತು.

 ಆಗ ಡಿಸ್ಕ್, ನಾಚಿಕೆಯಿಂದ ಇಷ್ಟು ದಿನ ಎವ್ಲಿನ್‌ಗೆ ಹೇಳದೆ ಮುಚ್ಚಿಟ್ಟ ಮಾತನ್ನು ಪರದೆಯ ಮೇಲೆ ಬರೆಯಿತು: "ನನ್ನಲ್ಲಿ ಜಾಗವಿಲ್ಲ."

ಎವ್ಲಿನ್ ಮದುವೆಯ ನಕಲುಗಳನ್ನೆಲ್ಲ ಅಳಿಸಿದಳು. ಒಂದೊಂದು ಹೋಗುವಾಗಲೂ ಡಿಸ್ಕ್ ನಡುಗಿತು, ಆದರೂ ತಡೆಯಲಿಲ್ಲ. ಪರದೆಯ ಮೇಲೆ ಹುಡುಗನ ಮುಖ ಮೂಡಿತು. ದೇವಕಿ ಅವನ ಕೆನ್ನೆಯನ್ನು ಬೆರಳಿನಿಂದ ಸವರಿದಳು.

"ಇಷ್ಟು ವರ್ಷ ಇವನನ್ನು ಇಟ್ಟುಕೊಂಡಿದ್ದೆ ಅಷ್ಟೆ" ಎಂದಿತು ಡಿಸ್ಕ್. "ಕಾಪಾಡಿದ್ದು ಇವತ್ತು."